ಗುರುವಿನ ಚಿತ್ರ: ಒಂದೇ ಕ್ಲಿಕ್ಕೋ, ಎರಡೋ ಹೇಳಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ನೀವು ಅಚ್ಚು ಹಾಕಿದ ಗುರುಗ್ರಹದ ಚಿತ್ರ ಕಣ್ಣಿಗೆ ಹಬ್ಬ. ಕಂದು ಪಟ್ಟೆಗಳು ಸ್ಪಷ್ಟ, ಪಕ್ಕದಲ್ಲಿ ನಾಲ್ಕೂ ದೊಡ್ಡ ಉಪಗ್ರಹಗಳು ಫಳಫಳ. ಅಡಿಬರಹದಲ್ಲಿ ಮಾತ್ರ ‘ಕ್ಯಾಮೆರಾದಲ್ಲಿ ಸೆರೆಯಾದ ಗುರು’ ಅಂತಷ್ಟೇ ಇತ್ತು. ತಕರಾರು ಇರುವುದು ಅದರ ಬಗ್ಗೆ.

ಟ್ರೈಪಾಡು, 300 ಮಿ.ಮೀ. ಲೆನ್ಸು ಇಟ್ಟುಕೊಂಡು ಇದೇ ಕೆಲಸಕ್ಕೆ ಕೂತವನು ನಾನು. ಶಟರ್ 1/250 ಸೆಕೆಂಡಿಗೆ ಇಟ್ಟರೆ ಗುರು ದುಂಡಗೆ ಬರುತ್ತಾನೆ, ಉಪಗ್ರಹಗಳು ನಾಪತ್ತೆ. ಕಾಲು ಸೆಕೆಂಡಿಗೆ ಏರಿಸಿದರೆ ಚುಕ್ಕಿಗಳು ಬರುತ್ತವೆ, ಗುರು ಬೆಳ್ಳಗೆ ಉಕ್ಕಿದ ಅನ್ನದ ಗಂಜಿ. ಪಟ್ಟೆಯಂತೂ ನನ್ನ ಲೆನ್ಸಿಗೆ ದೂರದ ಮಾತು. ಇಡೀ ಗ್ರಹವೇ ಸೆನ್ಸರಿನ ಮೇಲೆ ಹದಿನೈದಿಪ್ಪತ್ತು ಪಿಕ್ಸೆಲ್ ಅಗಲ. ದೂರದರ್ಶಕ ಇದ್ದವರು ವಿಡಿಯೊ ತೆಗೆದು, ಸಾವಿರಾರು ಫ್ರೇಮುಗಳಲ್ಲಿ ಗಾಳಿಗೆ ಅಲುಗದೆ ಬಂದವನ್ನು ಆರಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಅದೂ ಎರಡು ಮೂರು ನಿಮಿಷದೊಳಗೆ ಮುಗಿಯಬೇಕು. ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಗ್ರಹ, ತಡವಾದರೆ ಪಟ್ಟೆಗಳೆಲ್ಲ ಕಲಸಿಹೋಗುತ್ತವೆ. ಉಪಗ್ರಹಗಳಿಗೆ ಸಾಮಾನ್ಯವಾಗಿ ಬೇರೆ ಎಕ್ಸ್‌ಪೋಷರ್ (ಶಟರ್ ಹೆಚ್ಚು ಹೊತ್ತು ತೆರೆದು ತೆಗೆದ ಇನ್ನೊಂದು ಚಿತ್ರ), ಆಮೇಲೆ ಜೋಡಣೆ. ಇದು ಮೋಸವಲ್ಲ, ಕಷ್ಟದ ಕಸುಬು. ಹೇಳದಿರುವುದೇ ತಪ್ಪು.

ಯಾಕೆಂದರೆ, ನನ್ನ ಮೊದಲ ಚಿತ್ರದಲ್ಲಿ ಬಂದದ್ದು ಒಂದು ಬಿಳಿ ಗುಂಡು, ಮೂರು ಚುಕ್ಕಿ. ಇಂಥ ಚಿತ್ರಗಳನ್ನೇ ನೋಡಿ ಬೆಳೆದ ನಾನು ಲೆನ್ಸನ್ನು ಬೈದೆ, ಎರಡು ಸಲ ಒರೆಸಿದೆ. ಒಂದೂವರೆ ಗಂಟೆ ಬಿಟ್ಟು, ಬೆರಳು ತಾಗಿ ಅಲುಗದಿರಲೆಂದು ಟೈಮರ್ ಹಾಕಿ ಮತ್ತೆ ಕ್ಲಿಕ್ಕಿಸಿದರೆ ಗುಂಡಿನ ಅಂಚಿಗೆ ಅಂಟಿಕೊಂಡಂತೆ ನಾಲ್ಕನೆಯದು! ಅದು ಅಯೋ ಎಂಬ ಉಪಗ್ರಹ, ಅಷ್ಟು ಹೊತ್ತು ಗುರುವಿನ ಬೆನ್ನ ಹಿಂದಿತ್ತು. ಎರಡು ದಿನವೂ ತುಂಬದೆ ಒಂದು ಸುತ್ತು ಮುಗಿಸುವ ಅದು ಗಂಟೆಗೆ 60 ಸಾವಿರ ಕಿ.ಮೀ.ಗೂ ಹೆಚ್ಚು ಓಡುತ್ತದೆ. 1610ರ ಜನವರಿ 7ರಂದು ಗೆಲಿಲಿಯೊಗೆ ಕಂಡದ್ದೂ ಮೂರೇ ಚುಕ್ಕಿ. ನಾಲ್ಕನೆಯದು ಲೆಕ್ಕಕ್ಕೆ ಸಿಕ್ಕಿದ್ದು 13ರಂದು. (ಪಾಪ, ಯಾವ ಚುಕ್ಕಿ ಎಲ್ಲಿದೆ ಎಂದು ಹೇಳುವ ಮೊಬೈಲ್ ಆ್ಯಪ್ ಆತನ ಬಳಿ ಇರಲಿಲ್ಲ.)

ಇನ್ನು ಮುಂದೆ ಇಂಥ ಚಿತ್ರಗಳ ಕೆಳಗೆ ‘ಎರಡು ಎಕ್ಸ್‌ಪೋಷರ್ ಜೋಡಿಸಿದ್ದು’ ಎಂದೋ ‘ವಿಡಿಯೊ ಫ್ರೇಮುಗಳಿಂದ’ ಎಂದೋ ಒಂದು ಸಾಲು ಸೇರಿಸಿ. ತೆಗೆದ ದಿನಾಂಕ, ಗಂಟೆಯೂ ಇದ್ದರೆ ಯಾವ ಚುಕ್ಕಿ ಯಾವುದೆಂದು ನಾವೇ ಹುಡುಕಿಕೊಳ್ಳುತ್ತೇವೆ.

– ಒಬ್ಬ ಹವ್ಯಾಸಿ ಛಾಯಾಗ್ರಾಹಕ