ಪುಟ್ಟಿಗೆ, ಬಲಗೈ ಬಗ್ಗೆ

ಪುಟ್ಟಿ,

ನೀನು ಕಳಿಸಿದ ವಿಡಿಯೋನ ನಾಕು ಸಲ ನೋಡ್ದೆ. ಎಡಗೈ ಚೆನ್ನಾಗಿ ಓಡ್ತಿದೆ, ಅದರಲ್ಲಿ ಎರಡು ಮಾತಿಲ್ಲ, ಇಷ್ಟು ಬೇಗ ಆ ಆರ್ಪೆಜಿಯೋಗಳೆಲ್ಲ (ಕಾರ್ಡ್‌ನ ಸ್ವರಗಳನ್ನ ಒಂದೊಂದಾಗಿ ನುಡಿಸೋದು) ಬೆರಳಿಗೆ ಹತ್ತುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ಆದ್ರೆ "ಮಾವ, ನನ್ನ ಸೌಂಡ್ ಯಾಕೆ ಸಣ್ಣದಾಗಿ ಕೇಳುತ್ತೆ, ಜಿಪ್ಸಿ ಜಾಝ್‌ನವರು ಹಿಡಿಯೋ ಸೆಲ್ಮರ್ ತರದ ಗಿಟಾರೇ ಬೇಕಾ" ಅಂತ ಕೇಳಿದ್ಯಲ್ಲ, ಅದಕ್ಕೆ ಉತ್ತರ ನಿನ್ನ ವಿಡಿಯೋದಲ್ಲೇ ಇದೆ. ನಿನ್ನ ಕಿರುಬೆರಳು ಗಿಟಾರ್ ಮೈಗೆ ಊರಿಕೊಂಡು ನಿಂತಿದೆ, ಮಣಿಕಟ್ಟು ತಂತಿಗಳನ್ನ ಹೊರೋ ಬ್ರಿಡ್ಜ್ ಮೇಲೆ ಒರಗಿದೆ, ತಂತಿ ಮೀಟೋ ಪಿಕ್ ಮಾತ್ರ ಬೆರಳ ತುದಿಯಲ್ಲಿ ಅತ್ತಿತ್ತ ಆಡ್ತಿದೆ. ಹೊಸ ಗಿಟಾರ್ ಈಗ ಬೇಡ, ಮೊದ್ಲು ಕೈ ಸರಿ ಮಾಡ್ಕೊ.

ಈ ಜಿಪ್ಸಿ ಜಾಝ್ ಸಂಗೀತ ಎಲ್ಲಿ ಹುಟ್ಟಿತು ಅಂತ ಒಂದ್ಸಲ ಯೋಚನೆ ಮಾಡು. ಇದನ್ನ ಶುರು ಮಾಡಿದ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್ ಹುಡುಗನಾಗಿದ್ದಾಗ ಪ್ಯಾರಿಸ್ಸಿನ ಡಾನ್ಸ್ ಹಾಲ್‌ಗಳಲ್ಲಿ ಅಕಾರ್ಡಿಯನ್ ಪಕ್ಕ ಕೂತು ಬ್ಯಾಂಜೋ ನುಡಿಸ್ತಿದ್ದ. ಆಮೇಲೆ 1934ರಲ್ಲಿ ಗ್ರಾಪೆಲ್ಲಿ ವಯಲಿನ್ ಜೊತೆ ಹಾಟ್ ಕ್ಲಬ್ ಕ್ವಿಂಟೆಟ್ ಅನ್ನೋ ಐದು ಜನರ ತಂಡ ಶುರುವಾದಾಗ ಮೂರು ಗಿಟಾರ್, ಒಂದು ವಯಲಿನ್, ಒಂದು ಬಾಸ್, ಡ್ರಮ್ಸೇ ಇಲ್ಲ. ಅಂಥಾ ಕಡೆ ಆಂಪ್ಲಿಫೈಯರ್ ಇಲ್ಲದ ಗಿಟಾರ್ ಕೊನೇ ಸಾಲಿನವರಿಗೂ ಕೇಳಬೇಕು ಅಂದ್ರೆ ಕೈ ಹೇಗಿರಬೇಕು ಹೇಳು. ಎಲ್ಲರೂ ಅವನ ಎಡಗೈ ಬಗ್ಗೆನೇ ಮಾತಾಡ್ತಾರೆ, 1928ರಲ್ಲಿ ಕ್ಯಾರವಾನ್‌ಗೆ ಬೆಂಕಿ ಬಿದ್ದು ಎರಡು ಬೆರಳು ಸುಟ್ಟು ಸೊಟ್ಟಗಾಗಿದ್ದು, ಸೋಲೋನೆಲ್ಲ ಉಳಿದ ಎರಡರಲ್ಲಿ ನುಡಿಸಿದ್ದು. ಅದು ದೊಡ್ಡದೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅವನು ನುಡಿಸೋ ಹಳೇ ಫಿಲ್ಮ್ ತುಣುಕು ಸಿಕ್ಕಿದ್ರೆ ಎಡಗೈ ಮುಚ್ಚಿಟ್ಟು ಬಲಗೈ ಮಾತ್ರ ನೋಡು. ಮಣಿಕಟ್ಟು ಕಮಾನಿನ ಹಾಗೆ ಬಾಗಿ, ಕೈ ಎಲ್ಲೂ ಊರದೆ ತಂತಿಗಳ ಮೇಲೆ ತೇಲ್ತಾ ಇರುತ್ತೆ.

ಈಗ ಮುಖ್ಯ ವಿಷಯ, ರೆಸ್ಟ್ ಸ್ಟ್ರೋಕ್. ಮೂರನೇ ತಂತಿ (ತೀರಾ ತೆಳ್ಳಗಿನದು ಒಂದನೇದು ಅಂತ ಎಣಿಸಿ) ನುಡಿಸ್ತೀಯ ಅಂದ್ಕೊ. ನೀನು ಈಗ ಮಾಡ್ತಿರೋದು ಏನಂದ್ರೆ ತಂತಿ ಮೀಟಿದ ತಕ್ಷಣ ಪಿಕ್‌ನ ಗಾಳಿಗೆ ಎತ್ತಿಬಿಡ್ತೀಯ. ಹಾಗಲ್ಲ, ಪಿಕ್ ಮೂರನೇ ತಂತಿಯನ್ನ ದಾಟಿ ಬಂದು ಎರಡನೇ ತಂತಿ ಮೇಲೆ ಕೂರಬೇಕು, ಕೂತು ಅಲ್ಲೇ ಇರಬೇಕು. ಹೊಡಿಯೋದಲ್ಲ ಅದು, ಬೀಳೋದು. ಕೈಗೆ ಅಂಟಿದ ನೀರು ಕೊಡವ್ತೀವಲ್ಲ, ಆ ತರ ಮಣಿಕಟ್ಟನ್ನ ಸಡಿಲ ಬಿಟ್ಟು ಕೈಯ ಭಾರಾನೇ ಕೆಳಗೆ ಇಳಿಯೋಕೆ ಬಿಡು. ಹಾಗೆ ಇಳಿದಾಗ ತಂತಿನ ಗಿಟಾರ್ ಮೈ ಕಡೆಗೆ ಒತ್ತಿ ಬಿಟ್ಟ ಹಾಗಾಗುತ್ತೆ, ಮುಂದಿನ ಹಲಗೆ ಪೂರ್ತಿ ಅದುರುತ್ತೆ, ಆ ದಪ್ಪ ದನಿ ಬರೋದು ಅಲ್ಲಿಂದ. ಜೋರು ಹಾಕಿ ಹೊಡೆದ್ರೆ ಬರಲ್ಲ, ಬರೀ ಗಲಗಲ ಅನ್ನುತ್ತೆ.

ಎರಡನೇದು, ಹೊಸ ತಂತಿಗೆ ಹೋದಾಗೆಲ್ಲ ಡೌನ್‌ಸ್ಟ್ರೋಕೇ, ಅಂದ್ರೆ ಪಿಕ್ ಕೆಳಮುಖವಾಗೇ ಬರಬೇಕು. ಹಿಂದಿನ ನೋಟ್ ಡೌನ್ ಆಗಿರ್ಲಿ ಅಪ್ ಆಗಿರ್ಲಿ, ತಂತಿ ಬದಲಾಯ್ತಾ, ಡೌನ್. ನಿನ್ನ ಕ್ಲಾಸಲ್ಲಿ ಕಲಿಸಿದ ಆಲ್ಟರ್ನೇಟ್ ಪಿಕಿಂಗ್‌ನ (ಒಂದು ಡೌನ್, ಒಂದು ಅಪ್) ತಂತಿ ಬದಲಾಗೋ ಕಡೆ ಬಿಡಬೇಕು ಅನ್ನೋದು ಮೊದಮೊದಲು ತುಂಬಾ ಕಷ್ಟ ಅನ್ಸುತ್ತೆ, ನಂಗೂ ಅನ್ಸಿತ್ತು. ಎ ಮೈನರ್ ತಗೊ, ನಾಲ್ಕನೇ ತಂತಿ ಏಳನೇ ಫ್ರೆಟ್ (ಗಿಟಾರ್ ಕುತ್ತಿಗೆ ಮೇಲಿನ ಅಡ್ಡಪಟ್ಟಿ), ಆಮೇಲೆ ಮೂರು, ಎರಡು, ಒಂದನೇ ತಂತಿಗಳಲ್ಲಿ ಐದನೇ ಫ್ರೆಟ್. ನಾಲ್ಕೂ ಡೌನ್. ಒಂದು ನೋಟ್ ಮುಗಿಯೋ ಹೊತ್ತಿಗೆ ಪಿಕ್ ಆಗಲೇ ಮುಂದಿನ ತಂತಿ ಮೇಲೆ ಕೂತಿರುತ್ತೆ, ಹಾಗಾಗಿ ಸ್ವರ ಮೇಲಕ್ಕೆ ಹೋಗೋವಾಗ ಸುಲಭ, ಜಾರಿಕೊಂಡು ಹೋಗುತ್ತೆ. ವಾಪಸ್ ಇಳಿಯೋವಾಗ ತಾನೇ ಕಷ್ಟ, ಯಾಕಂದ್ರೆ ಎರಡನೇ ತಂತಿ ನುಡಿಸಿ ಪಿಕ್ ಒಂದನೇದರ ಮೇಲೆ ಬಂದು ಕೂತಿದೆ, ಈಗ ಮೂರನೇದಕ್ಕೆ ಹೋಗಬೇಕು, ಅದೂ ಡೌನಲ್ಲೇ, ಅಂದ್ರೆ ಕೈಯನ್ನ ಎತ್ತಿ ಎರಡು ತಂತಿ ಹಾರಿ ಮತ್ತೆ ಬೀಳಿಸಬೇಕು. ಬ್ರಿಡ್ಜ್‌ಗೆ ಒರಗಿದ ಕೈಯಲ್ಲಿ ಇದು ಆಗಲ್ಲ ಪುಟ್ಟಿ, ತೇಲೋ ಕೈಲಿ ಮಾತ್ರ ಆಗೋದು. ಕೈ ಊರಬೇಡ ಅಂತ ನಾನು ಇಷ್ಟು ಹಟ ಮಾಡ್ತಿರೋದು ಅದಕ್ಕೇ. ಬೆರಳುಗಳು ಮೈಗೆ ಸುಮ್ನೆ ಸವರಿಕೊಂಡು ಹೋದ್ರೆ ತೊಂದ್ರೆ ಇಲ್ಲ, ಊರಿ ನಿಲ್ಲಬಾರದು ಅಷ್ಟೇ.

ಅಪ್‌ಸ್ಟ್ರೋಕ್ ದನಿ ಮೆತ್ತಗೆ ಬರುತ್ತೆ, ಬರ್ಲಿ. ಅದನ್ನ ಡೌನ್‌ಗೆ ಸಮ ಮಾಡೋಕೆ ಹೋಗ್ಬೇಡ, ಆ ಏರಿಳಿತದಲ್ಲೇ ಈ ಸಂಗೀತದ ನಡೆ ಇದೆ.

ಪಿಕ್ ಬದಲಾಯಿಸು. ನಿನ್ನದು ಬಾಗುತ್ತೆ, ವಿಡಿಯೋದಲ್ಲೇ ಕಾಣುತ್ತೆ. ಈ ಶೈಲಿಯವರು 3 ಮಿಲಿಮೀಟರ್, ಅದಕ್ಕಿಂತ ದಪ್ಪದ್ದೂ ಹಿಡೀತಾರೆ, ಪಿಕ್ ಮಾಡೋ ವೆಗೆನ್ ಅವರದ್ದು 3.5ರದ್ದು ಬರುತ್ತೆ. ದಪ್ಪ ಇದ್ರೆ ಬಿಗಿಯಾಗಿ ಹಿಡಿಯೋ ಅಗತ್ಯನೇ ಬರಲ್ಲ, ಅದೇ ಅದರ ಲಾಭ. ತಂತಿ ಮಾತ್ರ ತೆಳ್ಳಗಿನದೇ ಇರ್ಲಿ, 10 ಅಥ್ವಾ 11ರ ಸೆಟ್ (ಒಂದನೇ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ).

ಬಿಗಿ ಅಂದಾಗ ಒಂದು ಹೇಳ್ಬೇಕು. ನಾನು ಕಲಿಯೋಕೆ ಶುರು ಮಾಡಿದಾಗ ದೊಡ್ಡ ದನಿ ಬರ್ಲಿ ಅಂತ ಪಿಕ್‌ನ ಗಟ್ಟಿಯಾಗಿ ಒತ್ತಿ ಹಿಡಿದು, ಮೊಣಕೈಯಿಂದ ಹೊಡೀತಿದ್ದೆ, ಲಯ ತೋರಿಸೋ ಮೆಟ್ರೊನೋಮ್‌ನ ವೇಗ ದಿನಾ ಏರಿಸ್ತಿದ್ದೆ. ಎರಡೇ ತಿಂಗಳಲ್ಲಿ ಮುಂಗೈಯಿಂದ ಮೊಣಕೈವರೆಗೆ ಎಳೆತ ಶುರುವಾಯ್ತು, ಚೊಂಬು ಎತ್ತಿದ್ರೂ ನೋವು, ಮೂರು ವಾರ ಗಿಟಾರ್ ಮುಟ್ಟೋಕಾಗಲಿಲ್ಲ, ನಿಮ್ಮಮ್ಮನ್ನ ಕೇಳು, ಅವ್ಳಿಗೆ ನೆನಪಿರುತ್ತೆ. ಆ ಮೇಲೆ ಮತ್ತೆ ಮೊದ್ಲಿಂದ ಶುರು ಮಾಡಿದ್ದು. ಅದಕ್ಕೇ ಹೇಳ್ತಿದೀನಿ, ಕೈ ನೋಯ್ತಾ ಇದ್ರೆ ನಿಲ್ಸು, ಅಭ್ಯಾಸದ ನೋವು ಅಂತ ಸುಮ್ನಾಗ್ಬೇಡ. ಭುಜ ಮೇಲೇರಿದೆಯಾ, ಹಲ್ಲು ಕಚ್ಕೊಂಡಿದೀಯಾ, ಮಧ್ಯೆ ಮಧ್ಯೆ ನೋಡ್ಕೊ.

ಒಂದು ತಿಂಗಳು ದಿನಾ ಹೀಗೆ ಮಾಡು. ಮೊದಲ ಹತ್ತು ನಿಮಿಷ ಎಡಗೈ ಕೆಲಸಾನೇ ಬೇಡ, ಮೆಟ್ರೊನೋಮ್ ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಖಾಲಿ ಮೂರನೇ ತಂತಿ, ಒಂದು ಬೀಟ್‌ಗೆ ಬೀಳ್ಸು, ಇನ್ನೊಂದು ಬೀಟ್ ಎರಡನೇದರ ಮೇಲೆ ಕೂತಿರು. ದಡ್ಡ ಕೆಲಸ ಅನ್ಸುತ್ತೆ, ಮಾಡು. ಆಮೇಲೆ ಆ ಎ ಮೈನರ್, ಹತ್ತೋದು ಇಳಿಯೋದು. ತಪ್ಪಿಲ್ಲದೆ ಬಂದ್ರೆ ಮೆಟ್ರೊನೋಮ್ ನಾಲ್ಕು ಏರ್ಸು, ಇಲ್ಲಾಂದ್ರೆ ಅಲ್ಲೇ ಇರು. ಉಳಿದ ಹೊತ್ತೆಲ್ಲ ಲಾ ಪೊಂಪ್ ಅನ್ನೋ ಈ ಶೈಲಿಯ ರಿದಮ್ ನುಡಿಸು, ಸೋಲೋ ಆಸೆ ಸ್ವಲ್ಪ ಕಟ್ಟಿಡು. ಒಂದು ಮೂರನೇ ಬೀಟ್‌ನಲ್ಲಿ ಕೆಳದನಿ ತಂತಿಗಳು, ಎರಡು ನಾಲ್ಕರಲ್ಲಿ ಪೂರ್ತಿ ಕಾರ್ಡ್ ಗಿಡ್ಡಗೆ, ಎಡಗೈ ಸಡಿಲಿಸಿ ಕತ್ತರಿಸಬೇಕು. ಡ್ರಮ್ಸ್ ಇಲ್ಲದ ಬ್ಯಾಂಡಲ್ಲಿ ಡ್ರಮ್ಸ್ ಕೆಲಸ ಇದೇ ಮಾಡೋದು, ಸಿಂತಿ ಜಿಪ್ಸಿಗಳ ಮನೆಗಳಲ್ಲೂ ಮಕ್ಕಳು ಮೊದ್ಲು ರಿದಮ್ ಹಿಡಿದೇ ಕಲಿಯೋದು, ಮತ್ತೆ ಅದೇ ತೇಲೋ ಮಣಿಕಟ್ಟು ಸೋಲೋಗೂ ಬೇಕಾಗಿರೋದು.

ಇದೇ ಶೈಲಿಯ ಗಿಟಾರಿಸ್ಟ್ ಸ್ಟೋಕೆಲೊ ರೋಸೆನ್‌ಬರ್ಗ್ ನುಡಿಸೋದು ನೋಡಿದೀಯಾ? ಎಷ್ಟೇ ಸ್ಪೀಡಾಗಿದ್ರೂ ಮುಖದಲ್ಲಿ ಒಂದು ಗೆರೆ ಇರಲ್ಲ. ನಿಂಗೆ ಸುಸ್ತಾದಾಗ ಅವ್ರನ್ನ ಹಾಕ್ಕೊಂಡು ನೋಡು.

ತಿಂಗಳಾದ ಮೇಲೆ ಇನ್ನೊಂದು ವಿಡಿಯೋ ಕಳ್ಸು, ಆದ್ರೆ ಈ ಸಲ ಫೋನ್‌ನ ಮುಂದೆ ಇಡಬೇಡ, ಬಲಗಡೆ ಪಕ್ಕದಲ್ಲಿ ಮೊಣಕೈ ಎತ್ತರಕ್ಕೆ ಇಡು, ಮಣಿಕಟ್ಟು ಮತ್ತೆ ತಂತಿ ನಡುವಿನ ಜಾಗ ನಂಗೆ ಕಾಣಬೇಕು. ಮುಖ ಬರದಿದ್ರೂ ಪರವಾಗಿಲ್ಲ.

ನಿನ್ನ ಮಾವ