ಆ ಮೊದಲ ಹತ್ತು ಸಾವಿರ

ಕಳೆದ ವಾರ ಹೊಸ ಮನೆಯಲ್ಲಿ ಹಾಲುಕ್ಕಿಸಿದೆವು. ಬಂದವರೆಲ್ಲ ನೆರೆ ಪರಿಹಾರವಾಗಿ ಬಂದ ಮನೆಯ ಕಂತುಗಳ ಬಗ್ಗೆಯೇ ಕೇಳಿದರು. ಬುನಾದಿಗೊಂದು, ಚಾವಣಿಗೊಂದು ಎಂದು ವರ್ಷಗಟ್ಟಲೆ ಎಳೆದ ಆ ಕಥೆಯನ್ನು ಬೇರೊಂದು ದಿನ ಹೇಳುತ್ತೇನೆ. ನನ್ನ ಮೇಲೆ ಋಣವಿರುವುದು ಅದಕ್ಕೂ ಮೊದಲು ಬಂದ ತುರ್ತು ಪರಿಹಾರದ ಹತ್ತು ಸಾವಿರ ರೂಪಾಯಿಯದ್ದು, ಅದನ್ನು ನಮ್ಮ ಕೈಗೆ ಮುಟ್ಟಿಸಿದ ನಾಲ್ವರದ್ದು. ಬಡಿಸುವ ಗಡಿಬಿಡಿಯಲ್ಲಿ ಅವರ ಮುಂದೆ ನಿಂತು ಒಂದು ಮಾತು ಹೇಳಲಾಗಲಿಲ್ಲ.

2019ರ ಆಗಸ್ಟ್. ಪಂಚಮಿ ಮುಗಿದು ಮೂರ್ನಾಲ್ಕು ದಿನ, ಶೇಂಗಾ ಉಂಡಿ ಇನ್ನೂ ಡಬ್ಬಿಯಲ್ಲಿತ್ತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಏಳಿ ಎಂದು ಕೂಗಿದಾಗ ಮಲಪ್ರಭೆ ಆಗಲೇ ಹಿತ್ತಲಲ್ಲಿದ್ದಳು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ನಮ್ಮ ಓಣಿಯನ್ನು ನಾವೇ ಶಾಲೆಯ ಮಾಳಿಗೆಯಿಂದ ನೋಡಿದೆವು. ನೀರಿಳಿದ ಮೇಲೆ ಹೋದರೆ ಉಳಿದದ್ದು ಬೀಸುಕಲ್ಲು, ಒಳ್ಳು ಮತ್ತು ರಾಡಿ ತುಂಬಿದ ನನ್ನ ಹೊಲಿಗೆ ಯಂತ್ರ. ಭಾರವಿದ್ದದ್ದು ಉಳಿಯಿತು, ಅಷ್ಟೇ.

ತುರ್ತು ಪರಿಹಾರದ ಪಟ್ಟಿ ಬಂದಾಗ ನಮ್ಮ ಮನೆ ಸಂಖ್ಯೆಯ ಮುಂದೆ ಭಾವನ ಹೆಸರಿತ್ತು, ನಮ್ಮದಿರಲಿಲ್ಲ. ಒಂದು ಬಾಗಿಲು, ಒಂದು ಹೆಸರು. ಆದರೆ ಒಳಗೆ ಒಲೆ ಎರಡು, ಪಡಿತರ ಚೀಟಿಯೂ ಎರಡು. ಚೀಟಿ ಮಾತ್ರ ಹೊಳೆಯ ಪಾಲಾಗಿತ್ತು. ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದಿದ್ದವರು ‘ದಾಖಲೆ ತನ್ನಿ’ ಎಂದು ಮೂರು ಸಲ ತಿರುಗಿಸಿ ಕಳಿಸಿದರು. ಅವರಿಗೂ ಧನ್ಯವಾದ ಹೇಳುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.

ಅರ್ಜಿ ಬರೆದುಕೊಟ್ಟವರು ನಿವೃತ್ತ ಮಾಸ್ತರರು. ನಾನು ಅಳುತ್ತಾ ನಮ್ಮ ಕಷ್ಟವನ್ನೆಲ್ಲ ಹೇಳಿದೆ. ಅವರು ಅದರಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ‘ನೀರು ಯಾವ ದಿನ ಹೊಕ್ಕಿತು, ಯಾವ ದಿನ ಇಳಿಯಿತು, ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಗೆರೆ ಬಿದ್ದಿದೆ?’ ಇಷ್ಟೇ ಕೇಳಿದರು. ಆಗ ಸಿಟ್ಟು ಬಂದಿತ್ತು. ಅದರ ಬೆಲೆ ತಿಳಿದದ್ದು ಗ್ರಾಮ ಲೆಕ್ಕಿಗರಾದ ತಲಾಠಿಯವರು ಬಿಡಿಸಿ ಹೇಳಿದಾಗ. ಎರಡು ದಿನಕ್ಕಿಂತ ಹೆಚ್ಚು ನೀರು ನಿಂತ ಮನೆಗೆ ಬಟ್ಟೆಗೆ 1,800, ಪಾತ್ರೆ ಪಗಡೆಗೆ 2,000, ಒಟ್ಟು 3,800 ರೂಪಾಯಿ ಎಂಬುದು ಆಗ ಕೇಂದ್ರದ ಲೆಕ್ಕವಾಗಿತ್ತು. ಅದನ್ನು ರಾಜ್ಯ ಸರ್ಕಾರ ಹತ್ತು ಸಾವಿರಕ್ಕೆ ಏರಿಸಿತ್ತು. ಕಣ್ಣೀರಿಗೆ ಅರ್ಜಿಯಲ್ಲಿ ಕಾಲಂ ಇರುವುದಿಲ್ಲ, ದಿನಕ್ಕೆ ಇರುತ್ತದೆ.

ತಲಾಠಿಯವರು ನಮ್ಮೊಂದಿಗೇ ಗಂಜಿ ಕೇಂದ್ರದಲ್ಲಿದ್ದರು. ರಾಡಿಯಲ್ಲಿ ತಿರುಗಿ ತಿರುಗಿ ಅವರ ಕಾಲ್ಬೆರಳ ಸಂದಿಗಳು ಕೊಳೆತಿದ್ದವು. ಮತ್ತೊಮ್ಮೆ ಮನೆಗೆ ಬಂದು, ಸಾಕ್ಷಿಗೆ ಪಂಚರನ್ನು ಕರೆಸಿ, ರಾಡಿಯೊಳಗಿನ ಎರಡೂ ಒಲೆಗಳನ್ನು ತೋರಿಸಿ ‘ಬಾಗಿಲು ಎಣಿಸಬೇಡಿ, ಒಲೆ ಎಣಿಸಿ’ ಎಂದು ಪಂಚನಾಮೆ ಬರೆಸಿದರು. ಚೀಟಿಯ ಸಂಖ್ಯೆ ಕೊಟ್ಟವರು ಪಡಿತರ ಅಂಗಡಿಯವರು. ಜುಲೈ ತಿಂಗಳಲ್ಲಿ ನಾನು ಹೆಬ್ಬೆರಳು ಒತ್ತಿ ಅಕ್ಕಿ ತಂದ ಲೆಕ್ಕ ಅವರಲ್ಲಿತ್ತು. ಅವರ ಅಂಗಡಿಯೂ ಮುಳುಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಇನ್ನುಳಿದದ್ದು ಬ್ಯಾಂಕಿನ ಪಾಸ್‌ಪುಸ್ತಕ. ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು, ಆದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಿಟ್ಟಿನಂತಾಗಿದ್ದವು. ಬಿಸಿಲೇ ಇರಲಿಲ್ಲ. ಬಿಸಿಯೂಟದ ಅಡುಗೆಯಕ್ಕ ಅದನ್ನು ಕೈಯಿಂದ ಕಸಿದುಕೊಂಡು, ಅನ್ನ ಇಳಿಸಿದ ಒಲೆಯ ಮೇಲೆ ಹಂಚು ಇಟ್ಟು, ಹಂಚಿನ ಮೇಲೆ ಬಟ್ಟೆ ಹಾಸಿ, ರೊಟ್ಟಿ ತಿರುವಿದ ಹಾಗೆ ತಿರುವಿ ತಿರುವಿ ಒಣಗಿಸಿದಳು. ಖಾತೆ ಸಂಖ್ಯೆಯ ಕೊನೆಯ ಅಂಕಿ ಒಂದೋ ಏಳೋ ಎಂದು ನಾವೆಲ್ಲ ಗುಲ್ಲೆಬ್ಬಿಸಿದೆವು. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ‘ಏಳು, ನೆತ್ತಿಯ ಮೇಲೆ ಗೀರಿದೆ ನೋಡು’ ಎಂದಳು. ಅದು ಏಳೇ ಆಗಿತ್ತು. ಅಂಕಿ ತಪ್ಪಾಗಿ ಬರೆದವರ ಹಣ ವಾಪಸಾಗಿ, ಅವರು ಮತ್ತೆ ತಿಂಗಳುಗಟ್ಟಲೆ ಅಲೆದದ್ದನ್ನು ಆಮೇಲೆ ಕಂಡೆ.

ಹತ್ತು ಸಾವಿರದಲ್ಲಿ ಎರಡು ಕೊಡ, ಹಂಚು, ನಾಲ್ಕು ಚಾದರ, ಮಕ್ಕಳ ಪಾಟಿಚೀಲ, ಅತ್ತೆಗೆ ಒಂದು ಇಳಕಲ್ ಸೀರೆ ಬಂದವು. ಸೀರೆ ದುಂದು ಎಂದು ಭಾವ ಗೊಣಗಿದರು. ಹದಿನೈದು ದಿನ ಬೇರೆಯವರ ಸೀರೆ ಉಟ್ಟವರನ್ನು ಕೇಳಬೇಕಿತ್ತು. ಮಿಕ್ಕಿದ್ದರಲ್ಲಿ ಯಂತ್ರ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿದೆ. ದಸರೆಯ ಹೊತ್ತಿಗೆ ಮೊದಲ ಕುಪ್ಪಸ ಹೊಲಿದೆ.

ಮಾಸ್ತರರೇ, ತಲಾಠಿ ಅವರೇ, ಅಂಗಡಿಯ ಕಾಕಾ, ಅಕ್ಕಾ, ನಿಮಗೆ ಕೈಮುಗಿಯುತ್ತೇನೆ. ಅಂದು ಸಹಿ ಹಾಕಿದ ಪಂಚರಿಗೂ. ಹಾಲುಕ್ಕಿಸಿದ ದಿನ ಅಕ್ಕ ದೇವರ ಮಾಡದಲ್ಲಿದ್ದ ಆ ಪಾಸ್‌ಪುಸ್ತಕವನ್ನು ಎತ್ತಿ, ಅಂಚಿನ ಕಂದು ಕಲೆಯನ್ನು ಬೆರಳಿನಿಂದ ಸವರಿ, ‘ಆವತ್ತು ಉರಿ ಸ್ವಲ್ಪ ಜಾಸ್ತಿಯಾಗಿತ್ತು’ ಎಂದು ಒಳಗೆ ಬಡಿಸಲು ಹೋದಳು.