ಸೋಯಾ ಹಿಂಡಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮೀನುಪುಡಿ ದುಬಾರಿ ಅಂತ ಗೋವಾದಲ್ಲಿ ಕುರುಡಿ ಮೀನು (ಇಲ್ಲಿಯವರ ಚೊಣಕ್) ಸಾಕುವ ನಮ್ಮಲ್ಲಿ ಕೆಲವರು ಮೇವಿನಲ್ಲಿ ಸೋಯಾ ಹಿಂಡಿ ಜಾಸ್ತಿ ಮಾಡುತ್ತಿದ್ದೀರಿ. ದಯವಿಟ್ಟು ಒಮ್ಮೆಲೇ ಬದಲಿಸಬೇಡಿ. ಕುರುಡಿ ಬೇರೆ ಮೀನುಗಳನ್ನು, ಸೀಗಡಿಯನ್ನು ತಿಂದು ಬದುಕುವಂಥದ್ದು, ಕರುಳು ಗಿಡ್ಡ. ರೋಹುವಿಗೆ ಒಗ್ಗಿದ್ದೆಲ್ಲ ಇದಕ್ಕೆ ಒಗ್ಗುವುದಿಲ್ಲ.

ಹೀಗೇ ಬೇರೆ ಮೀನುಗಳನ್ನು ತಿನ್ನುವ ಸಾಲ್ಮನ್ ಮೀನಿನಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ. ಸೋಯಾ ಹೆಚ್ಚಾದರೆ ಕರುಳಿನ ಹಿಂಭಾಗದಲ್ಲಿ ಉರಿಯೂತ ಬರುತ್ತದೆ, ಒಳಗಿನ ಮಡಿಕೆಗಳು ಮೊಟಕಾಗುತ್ತವೆ. ಸೋಯಾದಲ್ಲಿರುವ ಸಪೋನಿನ್ ಎಂಬ ನೊರೆ ಬರಿಸುವ ಅಂಶ ಇದಕ್ಕೆ ಮುಖ್ಯ ಕಾರಣ. ಬೇಯಿಸಿದರೆ ಸಾಕಲ್ವಾ ಅಂತ ಮೊನ್ನೆ ಒಬ್ಬರು ಕೇಳಿದ್ದರು. ಸಾಲದು. ಬಿಸಿಗೆ ಟ್ರಿಪ್ಸಿನ್ (ಪ್ರೋಟೀನ್ ಜೀರ್ಣಿಸುವ ಕಿಣ್ವ) ತಡೆಯುವ ಅಂಶ ಹೋಗುತ್ತದೆ, ಸಪೋನಿನ್ ಉಳಿಯುತ್ತದೆ. ಹುದುಗಿಸಿದ ಹಿಂಡಿ ವಾಸಿ.

ಮೀನು ಮೇವು ತಿನ್ನುವುದನ್ನು ಬಿಟ್ಟರೆ ಸುಮ್ನೆ ಕಾಯಬೇಡಿ. ಒಂದನ್ನು ಕೊಯ್ದು ಕರುಳಿನ ಫೋಟೋ ಇಲ್ಲಿ ಹಾಕಿ.